ಅರ್ಧ ಶಟರಿನ ದವಾಖಾನೆ

ನಾನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಮನೆ ಸಿಂಧನೂರಿನಲ್ಲಿ. ದಿನಾ ಬೆಳಿಗ್ಗೆ ಎಂಟರ ಮಸ್ಕಿ ಬಸ್ಸು ಹತ್ತಿ ಬಳಗಾನೂರಿನ ಆಸುಪಾಸಿನ ಒಂದು ಊರಲ್ಲಿ ಇಳಿಯುತ್ತೇನೆ. ಊರಿನ ಹೆಸರು ಬೇಡ. ಈ ಕತೆಯ ಮಂದಿಯೆಲ್ಲ ಇನ್ನೂ ಅಲ್ಲೇ ಇದ್ದಾರೆ, ನಾನೂ ಅಲ್ಲೇ ದುಡಿಯಬೇಕು.

ಎಡದಂಡೆ ಕಾಲುವೆಯ ನೀರು ಬರುವ ಸೀಮೆ ಅದು. ಎತ್ತ ನೋಡಿದರೂ ಭತ್ತ. ಸುಗ್ಗಿಯಲ್ಲಿ ಹೊಟ್ಟಿನ ಧೂಳು, ನಾಟಿಯಲ್ಲಿ ಮೊಣಕಾಲುಮಟ ತಣ್ಣೀರು. ಹಾಗಾಗಿ ಕೆಮ್ಮು ಅಲ್ಲಿ ಹೊಸದಲ್ಲ. ಎರಡು ವಾರ ದಾಟಿದ ಕೆಮ್ಮು ಇದ್ದವರನ್ನು ಡಾಕ್ಟರು ಒಂದು ಚೀಟಿ ಬರೆದು ನನ್ನ ಕೋಣೆಗೆ ಕಳಿಸಬೇಕು. ನಾನು ಮುಚ್ಚಳದ ಚಿಕ್ಕ ಡಬ್ಬಿ ಕೊಟ್ಟು ಕಫ ತರಿಸಿಕೊಂಡು, ಗಾಜಿನ ಮೇಲೆ ಬಳಿದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಯಂಥವು ಕಂಡರೆ ಕ್ಷಯ. ಪರೀಕ್ಷೆಗೂ ದುಡ್ಡಿಲ್ಲ, ಗುಳಿಗೆಗೂ ದುಡ್ಡಿಲ್ಲ. ದಿನಕ್ಕೆ ಮೂರೋ ನಾಲ್ಕೋ ಡಬ್ಬಿ ಬರುತ್ತಿದ್ದವು. ತಿಂಗಳಲ್ಲಿ ಒಂದೋ ಎರಡೋ ಕೆಂಪಾಗಿ ಕಾಣುತ್ತಿದ್ದವು.

ಕೋವಿಡ್ ಮುಗಿದ ಮೇಲೆ ನಮಗೆ ಹೊಸ ಡಾಕ್ಟರು ಬಂದರು. ಮೂವತ್ತು ದಾಟಿದ ಹುಡುಗ, ಕಲಬುರಗಿ ಕಡೆಯವರು. ಗುತ್ತಿಗೆ ಮೇಲೆ ಬಂದಿದ್ದರು. ಮೊದಲ ವಾರದಲ್ಲೇ ಊರಿಗೆ ಊರೇ ಅವರನ್ನು ಹೊಗಳತೊಡಗಿತು. ಅದಕ್ಕೆ ಕಾರಣ ದೊಡ್ಡ ಔಷಧಿಯೇನಲ್ಲ. ಅವರು ರೋಗಿಯನ್ನು ಮುಟ್ಟಿ ನೋಡುತ್ತಿದ್ದರು. ನಾಡಿ ಹಿಡಿಯುತ್ತಿದ್ದರು, ಹೊಟ್ಟೆ ಒತ್ತಿ ನೋಡುತ್ತಿದ್ದರು, ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟು "ಉಸಿರು ತಗೋರಿ, ಬಿಡ್ರಿ" ಅನ್ನುತ್ತಿದ್ದರು. ಹಿಂದಿದ್ದವರು ಮೇಜಿನ ಆಚೆಯಿಂದಲೇ ಚೀಟಿ ಬರೆದು ತಳ್ಳುತ್ತಿದ್ದರು. ನಾವು ಹುಟ್ಟಿದ ಓಣಿಯವರ ಕೈಯನ್ನು ಯಾರೂ ಸುಮ್ಮನೆ ಹಿಡಿಯುವುದಿಲ್ಲ. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಡಾಕ್ಟರು ಎಲ್ಲರ ಕೈಯನ್ನೂ ಒಂದೇ ರೀತಿ ಹಿಡಿದರು. ಅದಕ್ಕೇ ಮಂದಿ ಕಟ್ಟೊಡೆದ ಹಾಗೆ ಬಂದರು.

ಬಂದದ್ದೇ ತೊಂದರೆಯಾಯಿತು. ನಲವತ್ತು ಮಂದಿ ಇದ್ದಲ್ಲಿ ನೂರಾಯಿತು, ನೂರೈವತ್ತಾಯಿತು. ನಾಲ್ಕನೇ ತಿಂಗಳಿಗೆ ಅವರೂ ಮೇಜಿನ ಆಚೆಯೇ ಕೂತು, ಎದುರಿನವರು ಬಾಯಿ ತೆರೆಯುವ ಮೊದಲೇ ಪೆನ್ನು ಓಡಿಸತೊಡಗಿದರು.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬಸ್ ಸ್ಟಾಪಿನ ಎದುರಿನ ಸಾಲಿನಲ್ಲಿ ಅವರು ಒಂದು ಮಳಿಗೆ ಹಿಡಿದರು. ಮೊದಲು ಅದು ಕ್ರಿಮಿನಾಶಕ ಮಾರುವ ಅಂಗಡಿಯಾಗಿತ್ತು. ಬೋರ್ಡು ಹಾಕಲಿಲ್ಲ. ಸಂಜೆ ಐದಕ್ಕೆ ಶಟರ್ ಏರುತ್ತಿತ್ತು, ಆದರೆ ಅರ್ಧ ಮಾತ್ರ. ಮೇಲಿನವರು ಯಾರಾದರೂ ಆ ದಾರಿಯಲ್ಲಿ ಜೀಪಿನಲ್ಲಿ ಹೋದರೆ ಕಣ್ಣಿಗೆ ಬೀಳಬಾರದು ಅಂತ. ರೋಗಿಗಳು ತಲೆ ಬಗ್ಗಿಸಿ ಒಳಗೆ ನುಸುಳಬೇಕು. ಫೀಸು ನೂರು ರೂಪಾಯಿ.

ಒಂದು ದಿನ ನಾನೇ ಕೇಳಿದೆ, "ಸರ್, ಇದು ನಡೀತದೇನ್ರಿ?"

ಅವರು ನಕ್ಕರು. "ಡ್ಯೂಟಿ ಮುಗಿದ ಮ್ಯಾಲ ನೋಡೋದು ಮೇಡಂ. ಯಾರದೂ ಕಸಗೊಂಡಿಲ್ಲ. ಮುಂಜಾನೆ ನಾ ಡಾಕ್ಟರ್ ಅಲ್ರಿ, ಕಾರಕೂನ. ಸಂಜಿಕಿ ಡಾಕ್ಟರ್ ಆಗ್ತೀನಿ. ಒಬ್ಬೊಬ್ಬರಿಗೆ ಹತ್ತು ಹತ್ತು ನಿಮಿಷ ಕೊಡ್ತೀನಿ. ನೀವೇ ಹೇಳ್ರಿ, ಮುಂಜಾನೆ ಕೊಡಾಕ ಆಗ್ತದೇನು?"

ಆಗುತ್ತಿರಲಿಲ್ಲ, ಅದು ನನಗೂ ಗೊತ್ತಿತ್ತು. ನನಗೇ ಒಮ್ಮೆ ಜ್ವರ ಬಂದಾಗ ನಾನೂ ಸಂಜೆಗೇ ಹೋಗಿದ್ದೆ. ಹತ್ತು ನಿಮಿಷ ನೋಡಿದರು, ಫೀಸು ಬೇಡ ಅಂದರು. ಆ ಉಪಕಾರ ಬಾಯಿಗೆ ಬೀಗ ಹಾಕುತ್ತದೆ ಅಂತ ಆಗ ಅನ್ನಿಸಿರಲಿಲ್ಲ.

ಮುಂದೆ ಬೆಳಗಿನ ಬೆಂಚುಗಳು ತೆಳ್ಳಗಾಗುತ್ತ ಹೋದವು. ನಮ್ಮಲ್ಲಿ ಬರುತ್ತಿದ್ದವರು ಮುದುಕರು, ಗರ್ಭಿಣಿಯರು, ನೂರು ರೂಪಾಯಿ ಹೊಂದಿಸಲಾಗದವರು. ಉಳಿದವರೆಲ್ಲ ಸಂಜೆಯ ಮಂದಿ. ಮುಕ್ಕುಂದದಿಂದ, ಮಸ್ಕಿಯಿಂದ, ಎರಡು ಬಸ್ಸು ಬದಲಿಸಿ ಲಿಂಗಸುಗೂರಿನಿಂದ ಕೂಡ ಬರುತ್ತಿದ್ದರು. "ಕೈಗುಣ ಚಲೋ ಐತಿ" ಎಂಬ ಮಾತು ಬಸ್ಸಿನಲ್ಲೇ ಕೇಳುತ್ತಿತ್ತು. ನನ್ನ ಕೋಣೆಗೆ ಬರುವ ಡಬ್ಬಿ ನಾಲ್ಕು ಇದ್ದದ್ದು ಎರಡಾಯಿತು. ಆಮೇಲೆ ವಾರಕ್ಕೊಂದಾಯಿತು. ಒಂದು ತಿಂಗಳು ಒಂದೂ ಬರಲಿಲ್ಲ. ಬಣ್ಣದ ಬಾಟಲಿಯ ಬಾಯಿಗೆ ಪೊರೆ ಕಟ್ಟಿತು.

ಆರೋಗ್ಯ ಇಲಾಖೆಯ ತಿಂಗಳ ಸಭೆಯಲ್ಲಿ ಯಾರೋ "ನಿಮ್ ಕಡೆ ಕ್ಷಯ ಕಡಿಮಿ ಆಗ್ಯಾದ, ಚಲೋ ಆತು" ಅಂದರು. ಎಲ್ಲರೂ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನೂ ಆಡಿಸಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಒಂದು ಕೆಮ್ಮು ಕೇಳಿತು. ಒಳಗೆ ಏನೋ ಒದ್ದೆಯಾಗಿ ಹರಿದಂಥ ಸದ್ದು. ತಿರುಗಿ ನೋಡಿದರೆ ಮೂರು ಸೀಟಿನವರೂ ಸುಮ್ಮನೆ ಕೂತಿದ್ದರು. ಯಾರು ಕೆಮ್ಮಿದ್ದೆಂದು ತಿಳಿಯಲಿಲ್ಲ. ಊರಲ್ಲಿ ಕೆಮ್ಮು ಇದೆ, ನನ್ನ ಕೋಣೆಗೆ ಮಾತ್ರ ಬರುತ್ತಿಲ್ಲ ಎಂಬುದು ಅವತ್ತು ತಲೆಗೆ ಹೊಕ್ಕಿತು. ಹೊಕ್ಕರೂ ಏನೂ ಮಾಡಲಿಲ್ಲ.

ನಮ್ಮ ಅವ್ವನ ತಂಗಿಯನ್ನು, ಅಂದರೆ ಚಿಗವ್ವನನ್ನು, ಅದೇ ಊರಿಗೆ ಕೊಟ್ಟಿದ್ದಾರೆ. ನಾಟಿಗೆ ಇಪ್ಪತ್ತು ಹೆಣ್ಣಾಳುಗಳನ್ನು ಕಟ್ಟಿಕೊಂಡು ಹೋಗುವವಳು ಅವಳೇ. ಗದ್ದೆಯ ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿನವರು ಬೆನ್ನು ಎತ್ತಬೇಕು, ಅಂಥ ದನಿ. ಆ ವರ್ಷ ಮುಂಗಾರು ನಾಟಿ ಮುಗಿದ ಮೇಲೆ ಅವಳು ನಮ್ಮ ದವಾಖಾನೆಗೆ ಬಂದಳು. ಮೂರು ವಾರದಿಂದ ಕೆಮ್ಮು, ಸಂಜೆಗೆ ಮೈ ಬಿಸಿ. ಬೆಳಗಿನ ಸಾಲಿನಲ್ಲಿ ನಿಂತು ಒಳಗೆ ಹೋದವಳು ಅರ್ಧ ನಿಮಿಷದಲ್ಲಿ ಗುಳಿಗೆ ಚೀಟಿ ಹಿಡಿದು ಹೊರಗೆ ಬಂದಳು. ನೇರ ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಮುಖಾನೂ ಎತ್ತಿ ನೋಡ್ಲಿಲ್ಲವಾ ನಿಮ್ಮ ಡಾಕ್ಟರು" ಅಂದಳು.

ಆ ಹೊತ್ತಿಗೆ ನನ್ನ ಕೈಯಳತೆಯಲ್ಲೇ ಡಬ್ಬಿಗಳಿದ್ದವು. ಚೀಟಿ ಇಲ್ಲದಿದ್ದರೂ ಒಂದನ್ನು ಅವಳ ಕೈಗಿಡಬಹುದಿತ್ತು. ನಾನು ಹೇಳಿದ್ದು ಬೇರೆ.

"ಮುಂಜಾನೆ ಗದ್ದಲ ಇರ್ತದ ಚಿಗವ್ವ. ಸಂಜಿಕಿ ಹೋಗು, ಬರೋಬ್ಬರಿ ನೋಡ್ತಾರ. ನನ್ನ ಹೆಸರು ಹೇಳು."

ಅವಳು ಹೋದಳು. ಎರಡು ದಿನ ಬಿಟ್ಟು ಸಿಕ್ಕಾಗ ಮುಖ ಅರಳಿತ್ತು. "ಕೈ ಹಿಡ್ದು ನೋಡಿದ್ರವಾ. ಊಟ ಮಾಡೀಯೇನಬೇ ಅಂತ ಕೇಳಿದ್ರು. ಸೂಜಿ ಮಾಡಿ, ಒಂದು ಬಾಟ್ಲಿ ಸಲಾಯಿನ್ ಹಚ್ಚಿದ್ರು. ನೂರು ರೂಪಾಯಿ ಹೋದ್ರ ಹೋಗ್ಲಿ, ಮೈ ಹಗುರಾಗೇದ."

ಆಮೇಲೆ ಅವಳು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಹೋಗತೊಡಗಿದಳು. ಸೂಜಿ ಮಾಡಿಸಿಕೊಂಡ ಎರಡು ದಿನ ಹಸಿವು, ಹುರುಪು. ಮೂರನೇ ದಿನ ಮತ್ತೆ ಕೆಮ್ಮು. ದಸರೆಯ ಹೊತ್ತಿಗೆ ಅವಳ ಮುಖ ಉಬ್ಬಿದ ಹಾಗೆ ಕಾಣತೊಡಗಿತು. ಓಣಿಯವರು "ದಪ್ಪ ಆಗ್ಯಾಳ, ಔಷಧ ಹತ್ಯಾದ" ಅಂದರು. ಅದು ಸ್ಟೀರಾಯ್ಡ್ ಸೂಜಿಯ ಬಾವು ಇರಬೇಕು ಅಂತ ನನಗೆ ಅನುಮಾನ, ನನ್ನ ಕಣ್ಣು ಅವಳ ಮುಂಗೈ ಮೇಲಿತ್ತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಒಂದು ಸಂಜೆ ನಾನೇ ಅವಳ ಜೊತೆ ಹೋದೆ. ಶಟರಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಕಾಲಿಟ್ಟರೆ ಹಳೆಯ ಕ್ರಿಮಿನಾಶಕದ ಘಾಟು ಇನ್ನೂ ಗೋಡೆಯಲ್ಲಿತ್ತು. ಹತ್ತು ಅಡಿ ಅಗಲದ ಕೋಣೆ. ಹಿಂದಿನ ಕಿಟಕಿಗೆ ಹಲಗೆ ಹೊಡೆದಿದ್ದರು. ಎರಡು ಬೆಂಚಿನ ಮೇಲೆ, ನೆಲದ ಮೇಲೆ ಇಪ್ಪತ್ತು ಮಂದಿಯಾದರೂ ಇದ್ದರು. ಪ್ಲೈವುಡ್ ಗೋಡೆಯ ಆಚೆ ಡಾಕ್ಟರ ದನಿ ಕೇಳುತ್ತಿತ್ತು. ಮೇಲೆ ಒಂದು ಫ್ಯಾನು ಅದೇ ಗಾಳಿಯನ್ನು ತಿರುಗಿಸುತ್ತಿತ್ತು. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಕೆಮ್ಮುತ್ತಿದ್ದರು. ಚಿಗವ್ವನ ಸೊಸೆ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಕೂಸು ಕೈ ಚಾಚಿದರೆ ಪಕ್ಕದ ಮುದುಕ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮುಖ ಆಚೆ ತಿರುಗಿಸಿ ಕೆಮ್ಮಿ, ಮತ್ತೆ ಅದಕ್ಕೆ ಚಿಟಿಕೆ ಹೊಡೆದು ನಗಿಸುತ್ತಿದ್ದ. ನನಗೆ ಉಸಿರು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಸೀರೆಯ ಸೆರಗು ಮೂಗಿಗೆ ಹಿಡಿದೆ. ಎದುರಿಗಿದ್ದ ಹೆಂಗಸು ಅದನ್ನು ನೋಡಿದಳು. ನಾಚಿಕೆಯಾಗಿ ಸೆರಗು ಬಿಟ್ಟೆ.

ಅಷ್ಟರಲ್ಲಿ ಪ್ಲೈವುಡ್ಡಿನ ಆಚೆಯಿಂದಲೂ ಕೆಮ್ಮು ಬಂತು. ಅದು ರೋಗಿಯದು ಅಂದುಕೊಂಡೆ. ಒಳಗೆ ಹೋದಾಗ ಡಾಕ್ಟರು ಬಾಯಿ ಒರೆಸಿಕೊಳ್ಳುತ್ತಿದ್ದರು. ನಾನು ಮೆಲ್ಲಗೆ ಕೇಳಿದೆ, "ಸರ್, ಇವರ ಕಫ ಒಂದ್ಸಲ ನೋಡಿದ್ರ ಹೆಂಗ್ರಿ?"

"ನೋಡೂಣು ಮೇಡಂ. ಎದಿ ಸ್ವಲ್ಪ ತಿಳಿ ಆಗ್ಯಾದ. ಈ ಕೋರ್ಸ್ ಮುಗೀಲಿ."

ಚಿಗವ್ವ ನನ್ನ ಕೈ ಜಗ್ಗಿದಳು. ಹೊರಗೆ ಬಂದ ಮೇಲೆ ಗದರಿದಳು, "ಅಷ್ಟು ಚಂದ ನೋಡೋ ಮನಶ್ಯಾಗ ನಡುವ ಬಾಯಿ ಹಾಕ್ತೀಯೇನ? ಪುಕ್ಕಟೆ ಕೊಡೋ ಡಬ್ಬ್ಯಾಗ ಉಗುಳಿದ್ರ ಜಡ್ಡು ಹೋಗ್ತದೇನ?"

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವಳ ಮನೆಗೆ ಹೋದೆ. ಹಿತ್ತಲಲ್ಲಿ ಒಗೆದು ಹಾಕಿದ ಬಟ್ಟೆಗಳ ನಡುವೆ ಒಂದು ಹಳೆಯ ಟವೆಲ್ಲಿತ್ತು. ಒಗೆದರೂ ಹೋಗದ ಕಂದು ಕಲೆಗಳು ಅದರ ಮೇಲೆ ಅಲ್ಲಲ್ಲಿ ಇದ್ದವು. ನಾನು ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ಚಿಗವ್ವ ಹಿಂದಿನಿಂದ ಬಂದು ಟವೆಲ್ಲನ್ನು ಎಳೆದುಕೊಂಡಳು.

"ಎಂದಿನಿಂದ?" ಅಂದೆ.

"ಹೊಲದಾಗ ಕೂಗಬೇಕಂತ ಹೋದ್ರ ಬಾಯಿ ತುಂಬ ಬಂತು" ಅಂದಳು. ಮೊದಲ ಸಲ ಅವಳ ದನಿ ಸಣ್ಣದಾಗಿತ್ತು. "ಯಾರಿಗೂ ಹೇಳಬ್ಯಾಡ. ಕೂಸನ್ನ ನನ್ನ ಕಡೆ ಕೊಡಂಗಿಲ್ಲ."

ಮರುದಿನ ಬೆಳಿಗ್ಗೆ ಯಾರ ಚೀಟಿಯನ್ನೂ ಕಾಯದೆ ಅವಳಿಂದ ಕಫ ತರಿಸಿಕೊಂಡೆ. ಬಣ್ಣದ ಬಾಟಲಿಯ ಬಾಯಿಗೆ ಕಟ್ಟಿದ್ದ ಪೊರೆಯನ್ನು ಒರೆಸಿ ತೆಗೆಯಬೇಕಾಯಿತು. ಗಾಜು ಒಣಗುವವರೆಗೆ ಕಿಟಕಿಯ ಹತ್ತಿರ ನಿಂತೆ. ಆಮೇಲೆ ಕಣ್ಣಿಟ್ಟೆ. ಸಾಮಾನ್ಯವಾಗಿ ಹುಡುಕಬೇಕಾಗುತ್ತದೆ, ಗಾಜನ್ನು ಸರಿಸುತ್ತ ಸರಿಸುತ್ತ ಒಂದು ಕಂಡರೆ ಅದೇ ದೊಡ್ಡದು. ಅವತ್ತು ಹುಡುಕುವ ಕೆಲಸ ಇರಲಿಲ್ಲ. ನೋಡಿದಲ್ಲೆಲ್ಲ ಕೆಂಪು, ನಮ್ಮ ಲೆಕ್ಕದಲ್ಲಿ ಥ್ರೀ ಪ್ಲಸ್, ಅದಕ್ಕೆ ಮೇಲಿಲ್ಲ.

ನಾನು ಅದನ್ನು ಹಾಗೇ ಬಿಟ್ಟು ಡಾಕ್ಟರ ಕೋಣೆಗೆ ಹೋದೆ. ಎದುರಿಗೆ ರೋಗಿಗಳಿದ್ದರು. "ಐದು ನಿಮಿಷ ಹೊರಗ ಕೂಡ್ರಿ" ಅಂತ ನಾನೇ ಅವರಿಗೆ ಹೇಳಿದೆ. ಆ ಧೈರ್ಯ ಎಲ್ಲಿಂದ ಬಂತೋ.

"ನಮ್ಮ ಚಿಗವ್ವಂದು ಪಾಸಿಟಿವ್ ಬಂದದ ಸರ್. ಥ್ರೀ ಪ್ಲಸ್. ಮೂರು ತಿಂಗಳಾತು, ನಿಮ್ಮ ಖೋಲ್ಯಾಗ ಕೂತು ಎದ್ದಾಳ."

ಅವರ ಮುಖದ ಬಣ್ಣ ಇಳಿಯಿತು. "ನಾ ನಿಮ್ಮ ಕಡೆ ಕಳಿಸ್ಬೇಕಿತ್ತು" ಅಂದರು.

"ಯಾಕ ಕಳಿಸ್ಲಿಲ್ರಿ?"

ಪೆನ್ನಿಗೆ ಮುಚ್ಚಳ ಹಾಕಿ ಹೇಳಿದರು, "ಸರಕಾರಿ ಚೀಟಿ ಸಂಜಿಕಿ ಹೆಂಗ ಬರೀಲಿ ಮೇಡಂ? ಮುಂಜಾನೆ ಬಾ ಅಂದ್ರ, ಮತ್ತ್ಯಾಕ ನಮ್ಮ ಕಡೆ ರೊಕ್ಕ ತಗೊಂಡ್ರಿ ಅಂತಾರ. ಇನ್ನೊಂದು ವಾರ ನೋಡೂಣು, ಇನ್ನೊಂದು ವಾರ ನೋಡೂಣು ಅಂತ..." ಮಾತು ಮುಗಿಸಲಾಗಲಿಲ್ಲ. ಕೆಮ್ಮು ಬಂತು. ಮೇಜಿನ ಅಂಚು ಹಿಡಿದು ಬಗ್ಗಿ ಕೆಮ್ಮಿದರು. ಅವರ ಕಾಲರ್ ಕುತ್ತಿಗೆಯಿಂದ ಎರಡು ಬೆರಳು ದೂರ ನಿಂತಿದ್ದನ್ನು ಆಗ ನೋಡಿದೆ. ದಿನಾ ಕಾಣುವ ಮನುಷ್ಯ ಸೊರಗಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೂರು ದಿನ ಕಳೆದು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಅವರು ನನ್ನ ಕೋಣೆಗೆ ಬಂದರು. ಪೇಪರಿನಲ್ಲಿ ಸುತ್ತಿದ ಒಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಹೆಸರು ಬರೀಬ್ಯಾಡ್ರಿ."

"ಬರೀಬೇಕ್ರಿ ಸರ್. ಚಿಗವ್ವಂದೂ ಬರ್ದೀನಿ."

ಅವರು ಜಗಳ ಮಾಡಲಿಲ್ಲ. ಗಾಜು ಸಿದ್ಧವಾಗುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ನಾನು ನೋಡಿದೆ. ಪಕ್ಕಕ್ಕೆ ಸರಿದೆ. ಅವರೇ ಬಗ್ಗಿ ಕಣ್ಣಿಟ್ಟರು. ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ. ಹಾಗೆ ಬಗ್ಗಿಕೊಂಡೇ ಕೇಳಿದರು, "ಆ ಖೋಲ್ಯಾಗ ಎಷ್ಟು ಮಂದಿ ಬಂದು ಹೋಗಿರ್ಬಹುದು ಮೇಡಂ?"

"ಅದನ್ನ ನೀವೇ ಹೇಳ್ಬೇಕ್ರಿ."

"ನಾ ಯಾರದೂ ಬರ್ದಿಟ್ಟಿಲ್ಲ" ಅಂದರು.

ಅದೇ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ. ಬೆಳಿಗ್ಗೆ ಬಂದವರ ಹೆಸರು, ವಯಸ್ಸು, ಊರು ನಮ್ಮ ಪುಸ್ತಕದಲ್ಲಿರುತ್ತಿತ್ತು. ಫೀಸು ಕೊಟ್ಟು ಬಂದವರು ಎಲ್ಲಿಯೂ ಇರಲಿಲ್ಲ. ಅವರು ಶಟರಿನ ಕೆಳಗೆ ಬಗ್ಗಿ ಒಳಗೆ ಹೋಗಿ, ಬಗ್ಗಿ ಹೊರಗೆ ಬಂದು, ಬಸ್ಸು ಹತ್ತಿ, ತಮ್ಮ ತಮ್ಮ ಊರುಗಳಲ್ಲಿ ಕರಗಿಹೋಗಿದ್ದರು. ಯಾರಿಂದ ಯಾರಿಗೆ ಅಂಟಿತೆಂದು ಯಾರೂ ಹೇಳಲಾರರು. ಆ ಕೋಣೆಯಲ್ಲಿ ಅದು ಇತ್ತು ಅನ್ನುವುದಷ್ಟೇ ಗೊತ್ತು.

ಆ ಸಂಜೆ ಶಟರ್ ಏರಲಿಲ್ಲ. ಡಾಕ್ಟರು ರಜೆ ಹಾಕಿ ಊರಿಗೆ ಹೋಗುವ ಮೊದಲು ಎರಡು ದಿನ ರೂಮಿನಲ್ಲಿ ಕೂತು ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆದುಕೊಟ್ಟರು. ಅದರಲ್ಲಿ ಹೆಸರು ಒಂದೂ ಇರಲಿಲ್ಲ, ಮೈಗಳಿದ್ದವು. ಮುಕ್ಕುಂದದ ಮುದುಕ, ಎಡಗಣ್ಣಿಗೆ ಪೊರೆ, ಬಲಪಕ್ಕೆಯಲ್ಲಿ ನೋವು. ಮುದಗಲ್ ಕಡೆಯ ಬಳೆ ಮಾರುವ ಹೆಂಗಸು, ಕುತ್ತಿಗೆಯಲ್ಲಿ ಗಂಟು. ಲಿಂಗಸುಗೂರಿನ ಗಂಡ ಹೆಂಡತಿ, ಇಬ್ಬರಿಗೂ ಜ್ವರ, ಆಕೆಗೆ ಆರು ಬೆರಳು. ಹೀಗೆ ನಾಲ್ಕು ಹಾಳೆ.

ಚಿಗವ್ವನಿಗೆ ಗುಳಿಗೆ ಶುರುವಾಯಿತು. ಸಿಂಧನೂರಿನಲ್ಲಿ ಮನೆಯವರೆಲ್ಲರ ಎಕ್ಸ್-ರೇ ತೆಗೆಸಿದೆವು. ಕೂಸಿಗೆ ರೋಗ ಹಿಡಿದಿರಲಿಲ್ಲ. ಮುಂಜಾಗ್ರತೆಯ ಔಷಧಿಯನ್ನು ತಿಂಗಳುಗಟ್ಟಲೆ ಅರೆದು ಕುಡಿಸಿದರು. ಕೂಸು ಮುಖ ಕಿವುಚಿದಾಗಲೆಲ್ಲ ಚಿಗವ್ವ ಬಾಗಿಲ ಹೊರಗೆ ನಿಂತು ನೋಡುತ್ತಿದ್ದಳು. ಸಂಜೆಗೆ ಹೋಗು ಅಂದವಳು ನಾನೇ ಎಂಬುದನ್ನು ಅವಳು ಒಂದು ದಿನವೂ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನೂ ನಮ್ಮ ಆಶಾ ಕಾರ್ಯಕರ್ತೆಯೂ ಆ ಹಾಳೆಗಳನ್ನು ಹಿಡಿದು ಊರೂರು ತಿರುಗಿದೆವು. ಆಕೆ ಐವತ್ತರ ಹೆಂಗಸು, ಯಾರ ಮನೆಯ ಹೊಸ್ತಿಲಿಗೂ ಅಂಜದವಳು. ಆದರೂ ಮಂದಿ ನಮ್ಮನ್ನು ನೋಡಿ ಬಾಗಿಲು ಹಾಕಿಕೊಂಡರು. "ಆ ಡಾಕ್ಟರ್ ಕಡೆ ನಾವ್ ಹೋಗೇ ಇಲ್ರೀ" ಅಂದರು. ನಾನೇ ಆ ಬೆಂಚಿನ ಮೇಲೆ ಕಂಡಿದ್ದವರೂ ಹಾಗೇ ಅಂದರು. ಮುಕ್ಕುಂದದ ಮುದುಕ ಸಿಕ್ಕ, ಕಫ ಕೊಟ್ಟ, ಕೆಂಪಾಯಿತು. ಮಸ್ಕಿಯಲ್ಲಿ ಮೂವರು ಸಿಕ್ಕರು, ಅವರಲ್ಲಿ ಒಬ್ಬಳಿಗೆ ಇತ್ತು.

ಬಳೆ ಮಾರುವವಳನ್ನು ಹುಡುಕಿಕೊಂಡು ಮುದಗಲ್ಲಿಗೆ ಹೋದಾಗ ಬೇಸಿಗೆ ಬಂದಿತ್ತು. ಕೋಟೆಯ ಕಡೆಯ ಬೀದಿಯಲ್ಲಿ ನಾಲ್ಕು ಮನೆ ಕೇಳಿದ ಮೇಲೆ ಗೊತ್ತಾಯಿತು. ಬಾಗಿಲಿಗೆ ಬಂದ ಮಗಳು ನಮ್ಮ ಮಾತು ಪೂರ್ತಿ ಕೇಳಿ ಹೇಳಿದಳು, "ಅವ್ವ ಹೋಗಿ ಇಪ್ಪತ್ತು ದಿನ ಆತ್ರಿ. ಹಾರ್ಟಿಂದು ಅಂದ್ರು." ಹಾಗೆ ಹೇಳುತ್ತ ಗಂಟಲು ಸರಿಮಾಡಿಕೊಂಡಳು, ಒಮ್ಮೆ, ಮತ್ತೊಮ್ಮೆ. ಆಶಾ ಕಾರ್ಯಕರ್ತೆ ನನ್ನ ಮುಖ ನೋಡಿದಳು. ನಾನು ಚೀಲದಿಂದ ಡಬ್ಬಿ ತೆಗೆದೆ. ಆ ಹುಡುಗಿ ಹಿಂದಕ್ಕೆ ಸರಿದಳು. "ನನಗೇನೂ ಆಗಿಲ್ರಿ" ಅಂತ ಬಾಗಿಲು ಹಾಕಿದಳು. ಎರಡು ಸಲ ಮತ್ತೆ ಹೋದೆವು. ಎರಡನೇ ಸಲ ಬೀಗ ಇತ್ತು.

ಡಾಕ್ಟರು ಊರಲ್ಲೇ ಔಷಧಿ ತೆಗೆದುಕೊಂಡು ಗುಣವಾದರಂತೆ. ನಮ್ಮಲ್ಲಿಗೆ ತಿರುಗಿ ಬರಲಿಲ್ಲ. ಒಂದೇ ಒಂದು ಸಲ ಫೋನ್ ಮಾಡಿ, "ಆರು ಬೆರಳಿನವರು ಸಿಕ್ರೇನ್ರಿ?" ಅಂತ ಕೇಳಿದ್ದರು. ಇಲ್ಲ ಅಂದೆ. ಫೋನ್ ಇಟ್ಟರು. ಈಗ ಇರುವ ಡಾಕ್ಟರಮ್ಮ ಸಂಜೆ ಎಲ್ಲಿಯೂ ಕೂರುವುದಿಲ್ಲ. ಆದರೆ ಬೆಳಗಿನ ಸಾಲು ಮತ್ತೆ ನೂರು ದಾಟಿದೆ. ಅವರ ಪೆನ್ನೂ ಈಚೆಗೆ ಬೇಗ ಬೇಗ ಓಡತೊಡಗಿದೆ. "ಈಕಿ ಮುಟ್ಟಿ ನೋಡಂಗಿಲ್ಲ" ಅಂತ ಮಂದಿ ಗೊಣಗುವುದು ನನ್ನ ಕೋಣೆಗೂ ಕೇಳುತ್ತದೆ. ಚಿಗವ್ವ ಬದುಕಿದ್ದಾಳೆ. ನಾಟಿಗೆ ಹೋಗುವುದಿಲ್ಲ, ಹತ್ತು ಹೆಜ್ಜೆಗೆ ಉಬ್ಬಸ. ಅವಳ ಆಳುಗಳನ್ನು ಈಗ ಬೇರೆಯವಳು ಕರೆದುಕೊಂಡು ಹೋಗುತ್ತಾಳೆ.

ಹೋದ ತಿಂಗಳು ಒಬ್ಬ ಗಂಡಸು ಬಂದ. ನಲವತ್ತರೊಳಗಿನವನು, ಅಂಗಿ ತೂಗುಹಾಕಿದಂತೆ ಮೈಮೇಲಿತ್ತು. ಲಿಂಗಸುಗೂರಿನಿಂದ ಮೊದಲ ಬಸ್ಸಿಗೇ ಹೊರಟಿದ್ದ. ಬಸ್ ಸ್ಟಾಪಿನ ಎದುರು ಕೂರುತ್ತಿದ್ದ ಡಾಕ್ಟರು ಈಗ ಎಲ್ಲಿ ಸಿಗುತ್ತಾರೆ ಅಂತ ಕೇಳಿದ.

"ಅವರು ಇಲ್ಲಿಲ್ರಿ. ಏನಾಗ್ಯಾದ?"

"ಕೆಮ್ಮು ಬಿಡವಲ್ದು. ಅವರ ಕೈಗುಣ ನಮಗ ಹತ್ತಿತ್ತು."

"ಮನ್ಯಾಗ ಯಾರ‍್ಯಾರು ಅದೀರಿ?"

"ನಾನು, ಮೂರು ಮಕ್ಕಳು. ಮನಿಯಾಕಿ ಹ್ವಾದ ವರ್ಷ ತೀರ್ಕೊಂಡ್ಳು."

ಆಕೆಯ ಕೈಗೆ ಆರು ಬೆರಳಿದ್ದವೇ ಅಂತ ಕೇಳಲು ಬಾಯಿ ತೆರೆದೆ, ಕೇಳಲಾಗಲಿಲ್ಲ. ಮಕ್ಕಳ ವಯಸ್ಸು ಕೇಳಿ ಬರೆದುಕೊಂಡೆ. ಅವನ ಕೈಗೆ ಒಂದು ಡಬ್ಬಿ ಕೊಟ್ಟು, ಹೊರಗೆ ಬಯಲಿನಲ್ಲಿ ನಿಂತು ಆಳದಿಂದ ಕೆಮ್ಮಿ ತಾ ಅಂದೆ. ಅವನು ಡಬ್ಬಿಯನ್ನು ತಿರುಗಿಸಿ ನೋಡಿ, ಅಂಗಿ ಜೇಬಿಗೆ ಕೈ ಹಾಕುತ್ತ ಕೇಳಿದ:

"ಇದಕ್ಕ ಎಷ್ಟು ಕೊಡ್ಬೇಕ್ರೀ?"